ನಿಮ್ಮ ಜಿಲ್ಲೆಯ 200 ಹಕ್ಕಿಗಳು: ಪಟ್ಟಿ ಬೆಳೆಸುವುದು ಹೇಗೆ?

ಹಕ್ಕಿ ನೋಡುವ ಹುಚ್ಚು ಹಿಡಿದವರು ದೂರದ ಕಾಡುಗಳಿಗೆ ಹೊರಡುವ ಮೊದಲು ಸ್ವಂತ ಜಿಲ್ಲೆಯನ್ನು ಚೆನ್ನಾಗಿ ನೋಡಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಮೊದಲ ಗುರಿಗೆ 200 ಬಗೆ ಸಾಕು. ನನಗೆ ಪರಿಚಿತವಾದ ಮೈಸೂರು ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಮೊದಲು ಗಡಿ ತಿಳಿದುಕೊಳ್ಳಿ. ರಂಗನತಿಟ್ಟು ಮೈಸೂರಿಗೆ ಎಷ್ಟೇ ಹತ್ತಿರವಿದ್ದರೂ ಅದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿಗೆ ಸೇರಿದ್ದು. ಅಲ್ಲಿ ಕಂಡದ್ದನ್ನು ಮೈಸೂರಿನ ಪಟ್ಟಿಗೆ ಬರೆಯುವಂತಿಲ್ಲ. ನಾಗರಹೊಳೆಯಲ್ಲೂ ಹುಣಸೂರು, ಎಚ್.ಡಿ. ಕೋಟೆ ಕಡೆಯ ಕಾಡು ಮಾತ್ರ ನಿಮ್ಮದು, ಉಳಿದದ್ದು ಕೊಡಗಿನದು.

ದಾಖಲೆಗೆ ಇ-ಬರ್ಡ್ ಆ್ಯಪ್ ಬಳಸಿ. ಉಚಿತ, ಜಿಲ್ಲಾವಾರು ಲೆಕ್ಕವನ್ನು ಅದೇ ಇಡುತ್ತದೆ. ಜಿಲ್ಲೆಯಲ್ಲಿ ಇತರರಿಗೆ ಕಂಡು ನಿಮಗಿನ್ನೂ ಕಾಣದ ಹಕ್ಕಿಗಳು ಯಾವ ತಿಂಗಳು ಹೆಚ್ಚು ಸಿಗುತ್ತವೆ ಎಂಬುದೂ ಇ-ಬರ್ಡ್ ಜಾಲತಾಣದಲ್ಲಿ ತಿಳಿಯುತ್ತದೆ.

ಆರಂಭದ ಹಕ್ಕಿಗಳು ಬೇಗ ಸಿಗುತ್ತವೆ. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯಿರಿ. ಆಮೇಲೆ ನೆಲದ ಬಗೆ ಬದಲಿಸಿ: ನೆಲಗುಬ್ಬಿ, ಕೌಜುಗಗಳಿಗೆ ಒಣ ಹೊಲ, ಭೀಮರಾಜನಿಗೆ ಕಾಡು. ಒಂದೇ ಕೆರೆಗೆ ಪದೇ ಪದೇ ಹೋದರೆ ಆ ಕೆರೆಯ ಪರಿಚಯವಾಗುತ್ತದೆ, ಪಟ್ಟಿ ಬೆಳೆಯುವುದಿಲ್ಲ.

ಕಾಲವನ್ನು ತಪ್ಪಿಸಿಕೊಂಡರೆ ವರ್ಷವಿಡೀ ಕಾಯಬೇಕು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಡಿಸೆಂಬರ್, ಜನವರಿಯಲ್ಲಿ ನೋಡಿ. ನವರಂಗವೂ ಚಳಿಗಾಲದ ಅತಿಥಿ; ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಮುಂಗಾರಿನಲ್ಲಿ ಚಾತಕದ ಕೂಗಿಗೆ ಕಿವಿಗೊಡಿ.

ನೂರೈವತ್ತು ದಾಟಿದ ಮೇಲೆ ಪಟ್ಟಿ ನಿಂತುಬಿಡುತ್ತದೆ. ಅನೇಕರು ಕೈಬಿಡುವುದು ಇಲ್ಲೇ. ನನ್ನ ಮಟ್ಟಿಗೆ ನಿಜವಾದ ಕಲಿಕೆ ಶುರುವಾಗುವುದೂ ಇಲ್ಲೇ. ಉಳಿದವುಗಳಲ್ಲಿ ಅನೇಕವು ಪುಟ್ಟ, ಮಾಸಲು ಬಣ್ಣದ ಉಲಿಯಕ್ಕಿಗಳು. ಪೊದೆಯ ಒಳಗೆ ಕುಳಿತು ಗಡುಸಾಗಿ ‘ಚಕ್, ಚಕ್’ ಎನ್ನುವ ಕಂದು ಹಕ್ಕಿ ಬ್ಲೈತ್‌ನ ಜೊಂಡು ಉಲಿಯಕ್ಕಿ ಇರಬಹುದು. ಮರದ ತುದಿಯಲ್ಲಿ ಎಲೆಯಿಂದ ಎಲೆಗೆ ಚಡಪಡಿಸುತ್ತ ‘ಚಿಸ್ವೀ’ ಎಂದರೆ ಹಸಿರು ಉಲಿಯಕ್ಕಿ. ಕಣ್ಣಿನ ಮೇಲೆ ನಸುಬಿಳಿ ಹುಬ್ಬು, ರೆಕ್ಕೆಯಲ್ಲಿ ತೆಳುವಾದ ಒಂದು ಗೆರೆ ಇದೆಯೇ ನೋಡಿ. ಎರಡೂ ಚಳಿಗಾಲದಲ್ಲಿ ನಮ್ಮ ಹಿತ್ತಲಿಗೇ ಬರುತ್ತವೆ. ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ, ಆದರೆ ಅದರ ಮಾತಿನ ಮೇಲಷ್ಟೇ ಹಕ್ಕಿಯನ್ನು ಪಟ್ಟಿಗೆ ಸೇರಿಸಬೇಡಿ. ಅನುಮಾನವಿದ್ದರೆ ಟಿಪ್ಪಣಿ ಬರೆದಿಟ್ಟು, ತಿಳಿದವರನ್ನು ಕೇಳಿ.

ಮೊಬೈಲ್‌ನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹೊರಗೆಳೆಯಲೇಬೇಡಿ. ತನ್ನ ಎಲ್ಲೆಗೆ ಬೇರೊಂದು ಹಕ್ಕಿ ನುಗ್ಗಿದೆಯೆಂದು ಅದು ಮೇವು, ಮರಿ ಬಿಟ್ಟು ಹೋರಾಟಕ್ಕೆ ಬರುತ್ತದೆ. ಗೂಡು ಕಂಡರೆ ತಕ್ಷಣ ದೂರ ಸರಿಯಿರಿ, ಜಾಗವನ್ನು ಯಾರಿಗೂ ಹೇಳಬೇಡಿ.