ಪಗಾರದಲ್ಲಿ ಇಎಸ್‌ಐ ಹಣ ಮುರಿದುಕೊಂಡು ಕಟ್ಟಿಲ್ಲವೇ? ಹೀಗೆ ಮಾಡಿ

ಕಲಬುರಗಿಯಲ್ಲಿ ಸೇಡಂ ರಸ್ತೆಯ ಇಎಸ್‌ಐ ದವಾಖಾನೆ ಯಾರಿಗೆ ಗೊತ್ತಿಲ್ಲ? ಕಪನೂರು, ನಂದೂರು ಕಡೆ ಮಿಲ್ಲುಗಳಲ್ಲಿ ದುಡಿಯುವವರು, ಏಜೆನ್ಸಿ ಮೂಲಕ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವವರು ಕಷ್ಟ ಬಂದರೆ ಅಂತ ನಂಬಿಕೊಂಡಿರುವುದು ಇದನ್ನೇ. ಆದರೆ ಪಗಾರ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಹಣ ಮುರಿದ ಮಾತ್ರಕ್ಕೆ ಅದು ಈ ವಿಮೆ ನಡೆಸುವ ಇಎಸ್‌ಐ ನಿಗಮಕ್ಕೆ ಮುಟ್ಟಿದೆ ಎಂದಲ್ಲ. ಬಹಳ ಜನಕ್ಕೆ ಇದು ತಿಳಿಯುವುದು ಮನೆಯವರನ್ನು ಅಡ್ಮಿಟ್ ಮಾಡುವ ದಿನ. ಅಲ್ಲಿಯವರೆಗೆ ಕಾಯಬೇಡಿ, ಇವತ್ತೇ ನೋಡಿಕೊಳ್ಳಿ.

ಮೊದಲು ಚೀಟಿ ತೆಗೆಯಿರಿ. ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರಕ್ಕೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75, ಮಾಲಕರ ಪಾಲು ಶೇ 3.25. ಅಂದರೆ 14,000 ಪಗಾರ ಇದ್ದರೆ ನಿಮ್ಮಿಂದ 105 ರೂಪಾಯಿ, ಮಾಲಕರಿಂದ 455. ನಿಮ್ಮ ಚೀಟಿಯಲ್ಲಿ 560 ಕಡಿತ ಆಗಿದ್ದರೆ ಮಾಲಕರು ತಮ್ಮ ಪಾಲನ್ನೂ ನಿಮ್ಮಿಂದಲೇ ವಸೂಲು ಮಾಡುತ್ತಿದ್ದಾರೆ. ಅದು ಕಾನೂನಿಗೆ ವಿರುದ್ಧ, ಅದನ್ನೂ ದೂರಿನಲ್ಲಿ ಬರೆಯಿರಿ.

ಆಮೇಲೆ ಖಾತೆ ನೋಡಿ. ಪ್ರತಿ ಕೆಲಸಗಾರನಿಗೂ 10 ಅಂಕಿಯ ವಿಮಾ ನಂಬರ್ ಇರುತ್ತದೆ, ಕೆಲಸ ಬದಲಾದರೂ ಅದೇ ನಂಬರ್. ಇಎಸ್‌ಐ ನಿಗಮದ ವೆಬ್‌ಸೈಟಿನಲ್ಲಿ ವಿಮಾದಾರರ ಲಾಗಿನ್‌ಗೆ ಹೋಗಿ ಅದನ್ನು ಹಾಕಿದರೆ ಯಾವ ತಿಂಗಳು ಎಷ್ಟು ದಿನದ ವಂತಿಗೆ ಬಂದಿದೆ ಎಂದು ಕಾಣುತ್ತದೆ. ಒಂದು ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಹಾಗಾಗಿ ಹೋದ ತಿಂಗಳದ್ದು ಇನ್ನೂ ಕಾಣದಿದ್ದರೆ ಗಾಬರಿ ಬೇಡ. ಎರಡು ಮೂರು ತಿಂಗಳು ಖಾಲಿ ಇದ್ದರೆ ಸುಮ್ನೆ ಕೂರಬಾರದು. ನಂಬರೇ ಕೊಟ್ಟಿಲ್ಲ, ಆದರೂ ಹಣ ಮುರಿಯುತ್ತಿದ್ದಾರೆ ಅಂದರೆ ನಿಮ್ಮ ಹೆಸರೇ ನೋಂದಣಿ ಆಗಿರಲಿಕ್ಕಿಲ್ಲ. ಫೋನಿನಲ್ಲಿ ನೋಡಲು ಬರದವರು ಟೋಲ್ ಫ್ರೀ 1800-11-2526ಕ್ಕೆ ಕರೆ ಮಾಡಿ ಕೇಳಬಹುದು.

ಇಷ್ಟು ಅವಸರ ಯಾಕೆ ಅಂದರೆ, ಇವತ್ತು ಕಟ್ಟದ ಹಣದ ಪೆಟ್ಟು ತಿಂಗಳುಗಟ್ಟಲೆ ತಡವಾಗಿ ಬೀಳುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಯ ಮೇಲೆ ಜುಲೈನಿಂದ ಡಿಸೆಂಬರ್‌ವರೆಗಿನ ಸೌಲಭ್ಯ ನಿಂತಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ದು ಮುಂದಿನ ಜನವರಿಯಿಂದ ಜೂನ್‌ಗೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇಲ್ಲದಿದ್ದರೆ, ಕಾಯಿಲೆ ಬಿದ್ದು ಮನೆಯಲ್ಲಿದ್ದಾಗ ಸಿಗಬೇಕಾದ ಶೇ 70ರಷ್ಟು ಪಗಾರ ಸಿಗುವುದಿಲ್ಲ. ಕೆಲಸದ ಜಾಗದಲ್ಲಿ ಗಾಯವಾದರೆ ಮಾತ್ರ ಈ ದಿನದ ಲೆಕ್ಕ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ.

ಈಗ ಮಾಲಕರನ್ನು ಕೇಳಿ, ಆದರೆ ಬರವಣಿಗೆಯಲ್ಲಿ. ಬಾಯಿಮಾತಿಗೆ ಬರುವ ಉತ್ತರ ನಮಗೆಲ್ಲ ಗೊತ್ತೇ ಇದೆ: 'ಕಟ್ತೀವಿ ಬಿಡ್ರಿ, ಮುಂದಿನ ತಿಂಗಳ ಎಲ್ಲಾ ಕೂಡೇ ಹಾಕ್ತೀವಿ.' ವಾಟ್ಸ್‌ಆ್ಯಪ್‌ನಲ್ಲಿ ಎರಡು ಸಾಲು ಕಳಿಸಿದರೂ ಸಾಕು, ಯಾವ ಯಾವ ತಿಂಗಳು ಬಾಕಿ ಅಂತ ಹೆಸರು ಹಾಕಿ ಕೇಳಿ. ಗುತ್ತೇದಾರರ ಕೆಳಗೆ ಇದ್ದೀರಾ? ಹಾಗಾದರೆ ನೀವು ನಿಜವಾಗಿ ದುಡಿಯುವ ಸಂಸ್ಥೆಗೂ ಅದೇ ಪತ್ರ ಕೊಡಿ. ಗುತ್ತೇದಾರ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲಕರದ್ದೇ. 'ಅದು ಏಜೆನ್ಸಿ ವಿಷಯ, ನಮಗೆ ಸಂಬಂಧ ಇಲ್ಲ' ಎನ್ನುವ ಮಾತು ನಡೆಯುವುದಿಲ್ಲ.

ವಾರ ಹತ್ತು ದಿನದಲ್ಲಿ ಉತ್ತರ ಬರಲಿಲ್ಲ ಅಂದರೆ ಇಎಸ್‌ಐ ಶಾಖಾ ಕಚೇರಿಗೆ ದೂರು ಕೊಡಿ. ಹೆಸರು, ವಿಮಾ ನಂಬರ್, ಸಂಸ್ಥೆಯ ವಿಳಾಸ, ಬಾಕಿ ತಿಂಗಳುಗಳು, ಪಗಾರ ಚೀಟಿಯ ಜೆರಾಕ್ಸ್ ಇರಲಿ. ಚೀಟಿ ಕೊಡದ ಕಡೆ ಬ್ಯಾಂಕ್ ಪಾಸ್‌ಬುಕ್, ಐಡಿ ಕಾರ್ಡ್, ಹಾಜರಿಯ ಫೋಟೋ, ಸೂಪರ್‌ವೈಸರ್ ಕಳಿಸಿದ ಮೆಸೇಜ್ ಎಲ್ಲವೂ ಸಾಕ್ಷಿಯೇ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕುಂದುಕೊರತೆ ಕೇಳಲೆಂದೇ ನಿಗಮ ನಡೆಸುವ ಸುವಿಧಾ ಸಮಾಗಮಕ್ಕೂ ಹೋಗಬಹುದು. ಕೇಂದ್ರ ಸರ್ಕಾರದ ದೂರು ಪೋರ್ಟಲ್‌ನಲ್ಲಿಯೂ ಹಾಕಿ, ಅಲ್ಲಿ ದೂರಿನ ನಂಬರ್ ಸಿಗುತ್ತದೆ. ಕೆಲಸ ಹೋಗುತ್ತದೆ ಎಂಬ ಭಯ ಸುಳ್ಳಲ್ಲ, ಅದಕ್ಕೇ ಒಬ್ಬರೇ ಹೋಗಬೇಡಿ. ಒಬ್ಬರದ್ದು ಕಟ್ಟಿಲ್ಲ ಅಂದರೆ ಜೊತೆಯವರದ್ದೂ ಕಟ್ಟಿರುವುದಿಲ್ಲ ಅಲ್ವಾ? ಹತ್ತು ಜನ ಕೂಡಿ ಸಹಿ ಮಾಡಿ, ಯೂನಿಯನ್ ಇದ್ದರೆ ಅವರ ಮೂಲಕ ಕೊಡಿ.

ದೂರಿಗೆ ತೂಕ ಇದೆ. ಕೆಲಸಗಾರರ ಪಗಾರದಿಂದ ಮುರಿದ ಹಣವನ್ನು ಮಾಲಕರ ಕೈಯಲ್ಲಿ ನಂಬಿ ಇಟ್ಟ ಹಣ ಎಂದೇ ಕಾನೂನು ನೋಡುತ್ತದೆ. ಅದನ್ನು ಕಟ್ಟದೆ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಇದನ್ನು ನಂಬಿಕೆ ದ್ರೋಹದ ಅಪರಾಧ ಎಂದು ಹೆಸರಿಟ್ಟೇ ಹೇಳಿದೆ.

ಈಗಾಗಲೇ ಕಾಯಿಲೆ ಬಂದುಬಿಟ್ಟಿದ್ದರೆ? ಚಿಕಿತ್ಸೆ ನಿಲ್ಲಿಸಬೇಡಿ. ಬಿಲ್ಲು, ಡಾಕ್ಟರ ಚೀಟಿ, ಡಿಸ್ಚಾರ್ಜ್ ಕಾಗದ ಎಲ್ಲ ಎತ್ತಿಡಿ. ಮಾಲಕರ ತಪ್ಪಿನಿಂದ ಕೆಲಸಗಾರನ ಸೌಲಭ್ಯ ತಪ್ಪಿದ್ದರೆ, ನಿಗಮ ಆ ಸೌಲಭ್ಯ ಕೊಟ್ಟು ಮಾಲಕರಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಈ ಮಾತು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಅರ್ಜಿಯಲ್ಲಿ ನೀವೇ ಬರೆದು ಕೇಳಬೇಕು.

21,000ಕ್ಕಿಂತ ಜಾಸ್ತಿ ಪಗಾರ ಇದ್ದು ಕಂಪನಿ ಖಾಸಗಿ ಗುಂಪು ವಿಮೆ ಮಾಡಿಸಿದ್ದರೆ ದಾರಿ ಬೇರೆ. ಪ್ರೀಮಿಯಂ ಬರದಿದ್ದರೆ ವಿಮಾ ಕಂಪನಿ ಹೊಣೆ ಹೊರುವುದಿಲ್ಲ, ನೀವು ಕೇಳಬೇಕಾದದ್ದು ಮಾಲಕರನ್ನೇ. ವರ್ಷಕ್ಕೊಮ್ಮೆ ಕಾರ್ಡಿನ ಮೇಲಿನ ನಂಬರಿಗೆ ಕರೆ ಮಾಡಿ ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ಕೇಳಿ.

ಎಲ್ಲ ಮಾಡಿದರೂ ಹಣ ಬರಲಿಲ್ಲ ಅಂದರೆ ನೌಕರರ ವಿಮಾ ನ್ಯಾಯಾಲಯ ಇದೆ. ವಕೀಲರ ಫೀಸಿಗೆ ಹೆದರಬೇಡಿ. ಕಾರ್ಖಾನೆ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಇದು ಇದೆ, ಸಹಾಯವಾಣಿ 15100.