ತಂತಿ ಪಂಚಾಯ್ತಿಯದು, ಮಳೆಗಾಲ ನಮ್ಮದು

ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕೇಬಲ್ ಟಿವಿ ನಡೆಸುತ್ತಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸಿಗೆ ಸಿಗ್ನಲ್ ಸಿಗದೆ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂರುತ್ತಿದ್ದರು. ಪಂಚಾಯ್ತಿ ಆಫೀಸಿನ ತನಕ ಭಾರತ್‌ನೆಟ್ ಅನ್ನೋ ಕೇಂದ್ರ ಸರ್ಕಾರದ ಯೋಜನೆಯ ಫೈಬರ್, ಅಂದರೆ ಬೆಳಕಿನಲ್ಲಿ ಇಂಟರ್ನೆಟ್ ಸಾಗಿಸುವ ಗಾಜಿನ ಎಳೆಯ ಕೇಬಲ್, ಬಂದಿತ್ತು. ಅಲ್ಲಿಂದ ಮನೆಗಳಿಗೆ ಎಳೆಯುವವರು ಯಾರೂ ಇರಲಿಲ್ಲ. ಪೇಟೆಯಲ್ಲಾದರೆ ಒಂದು ಕಂಬದಿಂದ ಎಂಟು ಮನೆಗೆ ಕೊಡಬಹುದು. ಇಲ್ಲಿ ತೋಟದ ನಡುವೆ ಒಂದು ಮನೆ, ಅರ್ಧ ಕಿಲೋಮೀಟರ್ ಆಚೆ ಇನ್ನೊಂದು. ಯಾವ ಕಂಪನಿಗೆ ಲೆಕ್ಕ ಕೂಡಿಬರುತ್ತೆ?

ಕೊನೆಗೆ ಪಂಚಾಯ್ತಿಯವರೇ ಮುಂದೆ ಬಂದರು. ಕೇಬಲ್ ಪಂಚಾಯ್ತಿಯದು. ಇಂಟರ್ನೆಟ್ ಮಾರೋಕೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು, ಅದಕ್ಕೆ ಲೈಸೆನ್ಸ್ ಇರುವ ಒಂದು ಕಂಪನಿ. ಲೈನ್ ನೋಡಿಕೊಳ್ಳೋದು, ದುಡ್ಡು ವಸೂಲಿ ಮಾಡೋದು ನಾನು. ಸ್ಟಾಕ್‌ಹೋಮ್ ನಗರ 1994ರಲ್ಲೇ ಸ್ಟೋಕಾಬ್ ಅನ್ನೋ ತನ್ನದೇ ಕಂಪನಿ ಮಾಡಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿತ್ತು. ಫೈಬರ್ ನಗರದ್ದು, ಬಾಡಿಗೆಗೆ ತಗೊಂಡು ಸೇವೆ ಕೊಡೋರು ಬೇರೆಯವರು. ಆದರೆ ಅಲ್ಲಿ ಕಾಫಿ ತೋಟ ಇಲ್ಲ, ಆನೆಯೂ ಇಲ್ಲ.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆವು. ಬಂದ ದುಡ್ಡನ್ನು ಮೂರು ಪಾಲು ಮಾಡಿ ಹಂಚಿಕೊಂಡೆವು. ಪಂಚಾಯ್ತಿ ಪಾಲು ಬೀದಿದೀಪಕ್ಕೆ ಹೋಯಿತು. ಜುಲೈಯಲ್ಲಿ ಗಾಳಿ ಮಳೆ ಹಿಡಿದು ಸಿಲ್ವರ್ ಮರಗಳು ಉರುಳಿದವು. ಹನ್ನೊಂದು ಕಡೆ ಕೇಬಲ್ ತುಂಡಾಯಿತು. ಹೊಸ ಕೇಬಲ್ ತರಲು ಕೈಯಲ್ಲಿ ಕಾಸಿಲ್ಲ. ಮೂರು ವಾರ ಲೈನ್ ಸತ್ತಿತ್ತು. ಆಗ ಹೋದ ಹತ್ತು ಮನೆಯವರು ಮತ್ತೆ ಬರಲಿಲ್ಲ. ಆ ಮೂರು ವಾರ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಆಮೇಲೆ ಕರಾರು ಬದಲಾಯಿಸಿದೆವು. ಬಂದ ದುಡ್ಡಿನಲ್ಲಿ ಮೊದಲು ರಿಪೇರಿ ಖಾತೆಗೆ ಹಾಕಬೇಕು, ಉಳಿದದ್ದು ಮಾತ್ರ ಪಾಲು. ಆ ಖಾತೆಯಿಂದ ಬೇರೆ ಯಾವುದಕ್ಕೂ ತೆಗೆಯುವ ಹಾಗಿಲ್ಲ. ಕೇಬಲ್ ಎಳೆಯೋದು ಒಂದು ಸಲದ ಖರ್ಚು. ಕೊಡಗಿನಲ್ಲಿ ಅದನ್ನು ಉಳಿಸಿಕೊಳ್ಳೋದೇ ಪ್ರತಿ ವರ್ಷದ ಖರ್ಚು, ಯೋಜನೆ ಬರೆಯುವವರು ಇದನ್ನೇ ಮರೆಯುತ್ತಾರೆ. ಅಮೆರಿಕದ ಪ್ರೊವೊ ಅನ್ನೋ ಊರು ಸಾಲ ಮಾಡಿ ಸ್ವಂತ ಫೈಬರ್ ಹಾಕಿತು. ನಡೆಸಲಾಗದೆ 2013ರಲ್ಲಿ ಗೂಗಲ್‌ಗೆ ಒಂದು ಡಾಲರ್‌ಗೆ ಕೊಟ್ಟಿತು. ಸಾಲ ಊರಿನವರ ತಲೆ ಮೇಲೇ ಉಳಿಯಿತು. ನಾವು ಸಾಲ ಮಾಡಲಿಲ್ಲ, ಒಂದೊಂದೇ ದಾರಿ ಹಿಡಿದು ಮುಂದೆ ಹೋದೆವು.

ವಸೂಲಿಯಲ್ಲೂ ಪಾಠ ಕಲಿತೆ. ತಿಂಗಳ ಬಿಲ್ ಇಲ್ಲಿ ನಡೆಯೋಲ್ಲ. ಒಬ್ಬ ಹಿರಿಯ ಬೆಳೆಗಾರರು, "ಕಾಫಿ ಕೊಟ್ಟ ಮೇಲೆ ಒಟ್ಟಿಗೆ ಕೊಡ್ತೇನೆ ಮಾರಾಯಾ, ತಿಂಗಳು ತಿಂಗಳು ಬರಬೇಡ" ಅಂದರು. ಸರಿ ಅನ್ನಿಸಿತು. ಈಗ ತೋಟದವರು ಫೆಬ್ರವರಿ-ಮಾರ್ಚ್‌ನಲ್ಲಿ ವರ್ಷದ್ದು ಒಟ್ಟಿಗೆ ಕಟ್ಟುತ್ತಾರೆ, ಅದೇ ದುಡ್ಡು ಮಳೆಗಾಲಕ್ಕೆ ಮೊದಲೇ ರಿಪೇರಿ ಖಾತೆ ಸೇರುತ್ತೆ. ಲೈನ್ ಮನೆ, ಅಂದರೆ ತೋಟದ ಕೆಲಸದವರು ಸಾಲಾಗಿ ವಾಸವಿರುವ ಮನೆಗಳು, ಅವರದು ಬೇರೆ ಲೆಕ್ಕ. ಅವರಿಗೆ ವಾರದ ಬಟವಾಡೆ. ಮನೆಗಳ ಒಂದು ಸಾಲಿಗೆ ಒಂದೇ ಕನೆಕ್ಷನ್ ಕೊಟ್ಟು, ವಾರಕ್ಕೆ ಸ್ವಲ್ಪ ಸ್ವಲ್ಪ ತಗೊಳ್ಳುತ್ತೇನೆ. ಈ ಕನೆಕ್ಷನ್‌ಗಳಲ್ಲಿ ಲಾಭ ಇಲ್ಲ. ಆದರೂ ತೆಗೆಯೋಲ್ಲ, ಅಲ್ಲಿನ ಮಕ್ಕಳೂ ಓದಬೇಕು ಅಲ್ವಾ.

ಕೆಲಸದ ವಿಷಯವನ್ನೂ ಹೇಳಬೇಕು. ಒಂದು ಫೈಬರ್‌ನಿಂದ ಬೆಳಕನ್ನು ಕವಲು ಮಾಡುವ ಸ್ಪ್ಲಿಟರ್ ಹಾಕಿ 32 ಮನೆಗೆ ಕೊಡಬಹುದು ನಿಜ. ಆದರೆ ಪ್ರತಿ ಸಲ ಎರಡು ಮಾಡಿದಾಗ ಬೆಳಕು ಅರ್ಧಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ತುಂಡಾಗಿ ಸೇರಿಸಿದ ಒಂದೊಂದು ಜಾಯಿಂಟೂ ಇನ್ನಷ್ಟು ತಿನ್ನುತ್ತೆ. ಅದಕ್ಕೆ ನಾನು 16ಕ್ಕೇ ನಿಲ್ಲಿಸುತ್ತೇನೆ. ಪ್ರತಿ ಕಂಬದಲ್ಲೂ ಹತ್ತು ಮೀಟರ್ ಕೇಬಲ್ ಸುರುಳಿ ಸುತ್ತಿ ಬಿಡುತ್ತೇನೆ, ಮರ ಬಿದ್ದರೆ ಅದನ್ನೇ ಎಳೆದು ಸೇರಿಸಬಹುದು. ಪಕ್ಕದ ಕೇರಳ ಸರ್ಕಾರದ ಇಂಟರ್ನೆಟ್ ಯೋಜನೆ ಕೆ-ಫೋನ್‌ನಲ್ಲಿ ವಿದ್ಯುತ್ ಮಂಡಳಿಯೇ ಪಾಲುದಾರ, ಕಂಬ ಸುಲಭವಾಗಿ ಸಿಗುತ್ತೆ. ನಮ್ಮಲ್ಲಿ ಕಂಬ ಇಲ್ಲದ ಕಡೆ ನೆರಳು ಮರಕ್ಕೇ ಕಟ್ಟಬೇಕು.

ಆ ಮರಗಳ ಕಪಾತು, ಅಂದರೆ ಕೊಂಬೆ ಕಡಿಯೋದು, ಮಳೆಗೆ ಮೊದಲು ನಡೆಯುತ್ತೆ. ಕೊಂಬೆ ಜೊತೆ ಕೇಬಲ್ಲೂ ಹೋಗುತ್ತೆ. ಅದಕ್ಕೆ ಕಪಾತಿಗೆ ಬರುವ ಆಳುಗಳಿಗೆ ಈಗ ನಾನೇ ಹೋಗಿ ತೋರಿಸುತ್ತೇನೆ. ಕೇಬಲ್ ಇರುವ ಮರಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ. ಈ ಸಲ ಒಂದು ಕಡೆಯೂ ತುಂಡಾಗಲಿಲ್ಲ.