ಮಳೆಗಾಲಕ್ಕೆ ಮುಂಚೆ ತಾರಸಿ ಪೈಪ್ ಒಮ್ಮೆ ನೋಡಿ

ಬೆಂಗಳೂರಿನ ಸ್ವಂತ ಮನೆಯವರಿಗೆ ಒಂದು ಸಲಹೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ರಸ್ತೆ ಮೇಲೆ ದೋಣಿ ಬಂತು. 2024ರ ಬೇಸಿಗೆಯಲ್ಲಿ ಇದೇ ಊರಲ್ಲಿ ಟ್ಯಾಂಕರ್‌ಗೆ ಕಾದು ಕೂತಿದ್ದೆವು, ಅಲ್ವಾ?

1000 ಚದರಡಿ ತಾರಸಿ ಮೇಲೆ 20 ಮಿ.ಮೀ. ಮಳೆ ಸುರಿದರೆ, ಆವಿ ಸೋರಿಕೆ ಎಲ್ಲ ಕಳೆದು ಸುಮಾರು 1500 ಲೀಟರ್ ಸಿಗುತ್ತದೆ. ಸುಮ್ನೆ ಚರಂಡಿಗೆ ಯಾಕೆ ಬಿಡೋದು?

ಮೊದಲು ಆ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಪರೀಕ್ಷೆ ಮಾಡಿ. ಒಂದು ಬಕೆಟ್ ನೀರಿಗೆ ಅರಿಶಿನ ಕಲಸಿ ತಾರಸಿ ಪೈಪಿಗೆ ಸುರಿಯಿರಿ. ಕೆಳಗೆ ಒಬ್ಬರು ಒಳಚರಂಡಿ ಚೇಂಬರಿನ ಮುಚ್ಚಳ ತೆಗೆದು ನಿಂತಿರಲಿ. ಅಲ್ಲಿ ಹಳದಿ ನೀರು ಕಂಡರೆ ಪೈಪ್ ಬೇರೆ ಮಾಡಿಸಿ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕೋದಕ್ಕೆ, ತಗ್ಗಿನ ಮನೆಯವರ ಬಚ್ಚಲಿಗೆ ಕೊಳಕು ವಾಪಸ್ ಬರೋದಕ್ಕೆ ಮಳೆನೀರು ಹೀಗೆ ಒಳಚರಂಡಿಗೆ ಸೇರೋದೂ ಒಂದು ಕಾರಣ.

ಮೊದಲ ಮಳೆಯಲ್ಲಿ ಬರೀ ಧೂಳು, ಪಾರಿವಾಳದ ಹಿಕ್ಕೆ. ಅದನ್ನು ಹೊರಗೆ ಬಿಡೋಕೆ ಫಿಲ್ಟರ್‌ಗಿಂತ ಮುಂಚೆ ಒಂದು ವಾಲ್ವ್ ಇರಲಿ. ಆಮೇಲಿನದು ಸಂಪ್‌ಗೆ, ತುಂಬಿ ಮಿಕ್ಕಿದ್ದು ಇಂಗುಬಾವಿಗೆ. 3 ಅಡಿ ಅಗಲ, 20 ಅಡಿ ಆಳದ ಬಾವಿ ಸುಮಾರು 4000 ಲೀಟರ್ ಹಿಡಿಯುತ್ತದೆ. ತಳಕ್ಕೆ ಮಾತ್ರ ಕಾಂಕ್ರೀಟ್ ಬೇಡ, ನೀರು ಇಂಗಬೇಕಲ್ಲ! ಸೋಸದ ನೀರನ್ನು ನೇರ ಬೋರ್‌ವೆಲ್‌ಗೆ ಬಿಡಲೇಬೇಡಿ.

ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಸುತ್ತ ಕಟ್ಟೆ ಎತ್ತಿಸಿ. ಆದರೂ ರಸ್ತೆ ನೀರು ನುಗ್ಗಿದರೆ ಪೂರ್ತಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿ, ಆಮೇಲೆ ಮೋಟರ್ ಹಾಕಿ.